ಗಾಡಿಯ ಸರ್ವಿಸ್: ಯಾವಾಗ, ಎಲ್ಲಿ, ಎಷ್ಟು ಖರ್ಚಿಗೆ?

(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಸಭೆಯಲ್ಲಿ, ಬಸ್ ಡಿಪೋದಿಂದ ನಿವೃತ್ತರಾದ ನಮ್ಮೂರಿನ ಮೆಕ್ಯಾನಿಕ್ ಒಬ್ಬರು ಮಾಡಿದ ಭಾಷಣದ ಬರಹರೂಪ)



ನಮ್ಮ ಸಂಘ ಇಪ್ಪತ್ತೈದು ವರ್ಷ ತುಂಬಿಸಿದ ಈ ಶುಭ ಸಂದರ್ಭದಲ್ಲಿ ನನ್ನಂಥ ಸಾಮಾನ್ಯನಿಗೂ ನಾಲ್ಕು ಮಾತನಾಡಲು ಅವಕಾಶ ಕೊಟ್ಟಿದ್ದೀರಿ. ಅದಕ್ಕೆ ಮೊದಲು ನನ್ನ ವಂದನೆಗಳು. ನಾನು ಭಾಷಣಕಾರನಲ್ಲ. ಸ್ಪ್ಯಾನರ್ ಹಿಡಿದ ಕೈ ಇದು, ಮೈಕು ಹಿಡಿದು ಅಭ್ಯಾಸವಿಲ್ಲ. ಅಧ್ಯಕ್ಷರು, "ನಿಮಗೆ ಗೊತ್ತಿರೋದನ್ನೇ ಹೇಳಿ ಸಾಕು" ಅಂದರು. ನನಗೆ ಗೊತ್ತಿರೋದು ಗಾಡಿ ವಿಷಯ. ಆದ್ದರಿಂದ ಅದನ್ನೇ ಹೇಳುತ್ತೇನೆ.

ಸಹಕಾರಿ ಸಂಘದ ಸಭೆಯಲ್ಲಿ ಕಾರು, ಟ್ರ್ಯಾಕ್ಟರ್ ಸರ್ವಿಸ್ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಕಾರಣವಿದೆ. ಸಂಘ ಶುರುವಾದ ಕಾಲಕ್ಕೆ ನಮ್ಮೂರಿನಲ್ಲಿದ್ದ ನಾಲ್ಕು ಚಕ್ರದ ಗಾಡಿಗಳನ್ನು ಒಂದೇ ಕೈಯ ಬೆರಳಲ್ಲಿ ಎಣಿಸಬಹುದಿತ್ತು. ಈಗ ಬೀದಿಗೆ ನಾಲ್ಕೈದು ನಿಂತಿವೆ. ಕೊಬ್ಬರಿ ಹೇರಿಕೊಂಡು ತಿಪಟೂರು ಮಂಡಿಗೆ ಹೋಗುವ ಗೂಡ್ಸ್ ಗಾಡಿ, ಉಳುವ ಟ್ರ್ಯಾಕ್ಟರ್, ಮನೆಮಂದಿ ಆಸ್ಪತ್ರೆಗೆ, ಮದುವೆಗೆ ಹೋಗುವ ಕಾರು. ಇವುಗಳಲ್ಲಿ ಬಹುಪಾಲು ಸಾಲದ ಗಾಡಿಗಳು. ಎಷ್ಟೋ ಸಾಲಕ್ಕೆ ಈ ಸಭೆಯಲ್ಲಿ ಕೂತಿರುವವರೇ ಒಬ್ಬರಿಗೊಬ್ಬರು ಜಾಮೀನು ಹಾಕಿದ್ದೀರಿ. ಬಾಡಿಗೆ ಗಾಡಿಯ ಇಂಜಿನ್ ಹೋದರೆ ಗಳಿಕೆ ನಿಲ್ಲುತ್ತೆ. ಗಳಿಕೆ ನಿಂತರೆ ಕಂತು ನಿಲ್ಲುತ್ತೆ. ಕಂತು ನಿಂತರೆ ಜಾಮೀನುದಾರರ ಮನೆ ಬಾಗಿಲಿಗೆ ನೋಟೀಸು ಬರುತ್ತೆ. ಹಾಗಾಗಿ ಪಕ್ಕದ ಮನೆಯವನ ಗಾಡಿಗೆ ಆಯಿಲ್ ಹಾಕಿದಾನೋ ಇಲ್ಲವೋ ಅನ್ನೋದು ನಿಮ್ಮ ವಿಷಯವೂ ಹೌದು.

ಮೊದಲು, ಸರ್ವಿಸ್ ಅಂದರೆ ಏನು ಅನ್ನೋದನ್ನ ಬಿಡಿಸಿ ಹೇಳುತ್ತೇನೆ. ಗಾಡಿ ತೊಳೆದು ಪಾಲಿಶ್ ಮಾಡಿ ಕೊಡೋದು ಸರ್ವಿಸ್ ಅಲ್ಲ. ಇಂಜಿನ್ ಒಳಗೆ ಲೋಹಕ್ಕೆ ಲೋಹ ಉಜ್ಜುತ್ತಾ ಇರುತ್ತೆ. ಮಧ್ಯೆ ಇರುವ ಆಯಿಲ್ಲಿನ ತೆಳು ಪದರವೇ ಅದನ್ನು ಕಾಪಾಡೋದು. ಅದೇ ಆಯಿಲ್ ಶಾಖವನ್ನು ಹೊತ್ತೊಯ್ಯಬೇಕು, ಮಸಿಯನ್ನು ಹಿಡಿದಿಟ್ಟುಕೊಳ್ಳಬೇಕು, ಇಂಧನ ಉರಿದಾಗ ಹುಟ್ಟುವ ಆಮ್ಲವನ್ನು ಕೊಲ್ಲಬೇಕು. ಇಷ್ಟು ಕೆಲಸ ಮಾಡಿ ಮಾಡಿ ಅದರ ಸತ್ವ ಹೋಗುತ್ತೆ. ಸತ್ವ ಹೋದ ಆಯಿಲನ್ನು ಇಳಿಸಿ ಹೊಸದು ಹಾಕೋದು, ಅದರ ಜೊತೆ ಆಯಿಲ್ ಫಿಲ್ಟರ್ ಬದಲಾಯಿಸೋದು, ಏರ್ ಫಿಲ್ಟರ್ ನೋಡೋದು, ಬ್ರೇಕು, ಕೂಲೆಂಟು, ಬೆಲ್ಟು, ಟೈರು ಪರೀಕ್ಷೆ ಮಾಡೋದು. ಇದೇ ಸರ್ವಿಸ್ಸಿನ ತಿರುಳು.

ಇನ್ನು ಎಷ್ಟು ದಿನಕ್ಕೊಮ್ಮೆ ಅನ್ನೋ ಪ್ರಶ್ನೆ. ಹಿಂದೆ ಅಂಬಾಸಿಡರ್, ಜೀಪುಗಳ ಕಾಲದಲ್ಲಿ ಬೇಗ ಬೇಗ ಆಯಿಲ್ ಬದಲಿಸಬೇಕಿತ್ತು, ಅಲ್ಲಲ್ಲಿ ಗ್ರೀಸ್ ತುಂಬಬೇಕಿತ್ತು. ೧೯೮೩ರ ಡಿಸೆಂಬರಿನಲ್ಲಿ ಮಾರುತಿ ೮೦೦ ಬಂದ ಮೇಲೆ ಮಧ್ಯಮ ವರ್ಗದವರ ಮನೆಗೂ ಕಾರು ಬಂತು. ಈಗ ಬರುವ ಬಹಳಷ್ಟು ಪೆಟ್ರೋಲ್ ಕಾರುಗಳಿಗೆ ಕಂಪನಿಯವರೇ ೧೦,೦೦೦ ಕಿ.ಮೀ. ಅಥವಾ ಒಂದು ವರ್ಷ ಅಂತ ಗಡುವು ಹಾಕಿದ್ದಾರೆ. ಅವಧಿ ಹೀಗೆ ಉದ್ದವಾಗಲು ಕಾರಣಗಳಿವೆ. ಆಯಿಲ್ಲಿನ ಗುಣಮಟ್ಟ ಸುಧಾರಿಸಿತು. ಕಾರ್ಬುರೇಟರ್ ಹೋಗಿ ಲೆಕ್ಕಹಾಕಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಬಂತು. ಇಂಧನವೂ ಶುದ್ಧವಾಯಿತು. ಡೀಸೆಲ್‌ನಲ್ಲಿ ಗಂಧಕದ ಮಿತಿ ಬಿ.ಎಸ್. ೪ರಲ್ಲಿ ಹತ್ತು ಲಕ್ಷಕ್ಕೆ ೫೦ ಪಾಲು ಇತ್ತು. ೨೦೨೦ರ ಏಪ್ರಿಲ್ ೧ರಿಂದ ದೇಶಕ್ಕೆಲ್ಲ ಬಂದ ಬಿ.ಎಸ್. ೬ರಲ್ಲಿ ಅದು ಬರೀ ೧೦ ಪಾಲು. ಗಂಧಕ ಕಡಿಮೆಯಾದರೆ ಆಮ್ಲ ಕಡಿಮೆ, ಆಮ್ಲ ಕಡಿಮೆಯಾದರೆ ಆಯಿಲ್ಲಿಗೆ ಆಯಸ್ಸು ಹೆಚ್ಚು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಪುಸ್ತಕದಲ್ಲಿ ಬರೆದಿರೋದು "೧೦,೦೦೦ ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು" ಅಂತ. ನಮ್ಮವರು ಮೊದಲರ್ಧ ಓದಿ ಪುಸ್ತಕ ಮಡಿಸಿಡ್ತಾರೆ! ವಾರಕ್ಕೊಂದು ಸಲ ಸಂತೆಗೆ ಹೋಗಿಬರಲು ಅರವತ್ತು ಕಿ.ಮೀ. ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ೫೨ ವಾರ, ೩,೧೨೦ ಕಿ.ಮೀ. ಆಯ್ತು. ನೆಂಟರಿಷ್ಟರ ಮನೆ, ದೇವಸ್ಥಾನ ಎಲ್ಲ ಸೇರಿಸಿದರೂ ಐದು ಸಾವಿರ ದಾಟೋದು ಕಷ್ಟ. "ಇನ್ನೂ ಹತ್ತು ಸಾವಿರ ಆಗಿಲ್ಲವಲ್ಲ" ಅಂತ ಎರಡು ವರ್ಷ ಕಾಯ್ತಾರೆ. ಆದರೆ ನಿಂತ ಗಾಡಿಯಲ್ಲೂ ಆಯಿಲ್ ಹಳಸುತ್ತೆ. ಅದಕ್ಕಿಂತ ಮುಖ್ಯ, ಮನೆಯಿಂದ ಡೇರಿಗೆ, ಡೇರಿಯಿಂದ ಬಸ್ ಸ್ಟ್ಯಾಂಡಿಗೆ ಹೀಗೆ ಎರಡು ಮೂರು ಕಿ.ಮೀ. ಮಾತ್ರ ಓಡಿಸಿದರೆ ಇಂಜಿನ್ ಪೂರಾ ಕಾಯೋದೇ ಇಲ್ಲ. ಕಾಯದಿದ್ದರೆ ಆಯಿಲ್ಲಿಗೆ ಸೇರಿದ ನೀರಿನ ಪಸೆ, ಹಸಿ ಪೆಟ್ರೋಲು ಆವಿಯಾಗದೆ ಅಲ್ಲೇ ಉಳಿಯುತ್ತೆ.

ನಿಮ್ಮ ಗಾಡಿಯ ಪುಸ್ತಕದ ಹಿಂದಿನ ಪುಟಗಳಲ್ಲಿ ಕಠಿಣ ಬಳಕೆ ಅಂತ ಇನ್ನೊಂದು ಪಟ್ಟಿ ಸಾಮಾನ್ಯವಾಗಿ ಇರುತ್ತೆ. ಧೂಳಿನ ರಸ್ತೆ, ಪದೇಪದೇ ಸಣ್ಣ ಓಡಾಟ, ಭಾರ ಎಳೆಯೋದು ಇವಿದ್ದರೆ ಬೇಗ ಸರ್ವಿಸ್ ಮಾಡಿಸಿ ಅಂತ ಅದರಲ್ಲಿ ಹೇಳಿರ್ತಾರೆ. ಈಗ ನೀವೇ ಹೇಳಿ, ಬೇಸಿಗೆಯಲ್ಲಿ ನಮ್ಮ ತೋಟದ ದಾರಿ ಧೂಳಿನ ರಸ್ತೆ ಅಲ್ಲವೆ? ಆದ್ದರಿಂದ ಕಾರಿನ ಏರ್ ಫಿಲ್ಟರನ್ನು ಗಡುವಿಗೆ ಕಾಯದೆ ಮಧ್ಯೆ ಒಂದು ಸಲ ತೆಗೆದು ನೋಡಿಸಿ. ಗಾಳಿ ಕಟ್ಟಿದರೆ ಇಂಜಿನ್ನಿಗೆ ಉಸಿರು ಕಟ್ಟಿದ ಹಾಗೆ. ಎಳೆತ ಹೋಗುತ್ತೆ.

ಟ್ರ್ಯಾಕ್ಟರ್ ಲೆಕ್ಕ ಬೇರೆ. ಅದಕ್ಕೆ ಕಿ.ಮೀ. ಇಲ್ಲ, ಗಂಟೆ. ಹೊಸ ಟ್ರ್ಯಾಕ್ಟರಿಗೆ ಸಾಮಾನ್ಯವಾಗಿ ಮೊದಲ ೫೦ ಗಂಟೆಗೆ ಒಂದು ಸರ್ವಿಸ್. ಆಮೇಲೆ ಬಹಳ ಮಾಡೆಲ್‌ಗಳಲ್ಲಿ ೨೫೦ ಗಂಟೆಗೊಮ್ಮೆ ಇಂಜಿನ್ ಆಯಿಲ್. ದಿನಕ್ಕೆ ಐದು ಗಂಟೆ ಉತ್ತರೆ ೨೫೦ ಗಂಟೆ ಐವತ್ತೇ ದಿನಕ್ಕೆ ಮುಗಿಯುತ್ತೆ. ಅಂದರೆ ಬಾಡಿಗೆಗೆ ಹೊಡೆಯುವವರಿಗೆ ಒಂದು ಹಂಗಾಮಿನಲ್ಲೇ ಆಯಿಲ್ ಬದಲಿಸುವ ಸಮಯ ಬರುತ್ತೆ. ಮೀಟರ್ ಕೆಟ್ಟಿದ್ದರೆ ಮೊದಲು ಅದನ್ನ ರಿಪೇರಿ ಮಾಡಿಸಿ, ಇಲ್ಲದಿದ್ದರೆ ಲೆಕ್ಕವೇ ಇಲ್ಲ. ಆಯಿಲ್ ತುಂಬಿದ ಬಟ್ಟಲಿನ ಏರ್ ಕ್ಲೀನರ್ ಇರುವ ಟ್ರ್ಯಾಕ್ಟರಿನವರು, ರೋಟವೇಟರ್ ಹೊಡೆಯುವ ದಿನಗಳಲ್ಲಿ ಆ ಬಟ್ಟಲು ಬಿಚ್ಚಿ ನೋಡುತ್ತಿರಬೇಕು. ಕೆಳಗೆ ಕೆಸರು ಕಟ್ಟಿದ್ದರೆ ತೊಳೆದು ಹೊಸ ಆಯಿಲ್ ಹಾಕಬೇಕು. ಇದಕ್ಕೆ ಯಾವ ಶೋರೂಮೂ ಬೇಡ, ಮನೆಯ ಹಿತ್ತಲೇ ಸಾಕು.

ಈಗ ಎಲ್ಲರಿಗೂ ಉರಿಯುವ ವಿಷಯಕ್ಕೆ ಬರೋಣ. ಅದೇ ಶೋರೂಮ್ ಬಿಲ್ಲು.

ಮೂರು ಫ್ರೀ ಸರ್ವಿಸ್ ಅಂತ ಗಾಡಿ ಕೊಡುವಾಗ ಹೇಳ್ತಾರೆ. ಫ್ರೀ ಅಂದರೆ ಕೂಲಿ ಮಾತ್ರ ಫ್ರೀ. ಆಯಿಲು, ಫಿಲ್ಟರ್ ಹಾಕಿದರೆ ಅದಕ್ಕೆ ಕಾಸು ಕೊಡಲೇಬೇಕು. ಇದು ಮೋಸವಲ್ಲ, ಪುಸ್ತಕದಲ್ಲೇ ಬರೆದಿರುತ್ತೆ. ಆದರೆ ಫ್ರೀ ಮುಗಿದ ಮೇಲೆ ಬರುವ ಬಿಲ್ಲನ್ನು ಓದಲು ಕಲಿಯಬೇಕು. ಲೆಕ್ಕಕ್ಕೆ ಅಂತ ಒಂದು ಬಿಲ್ಲು ನಾವೇ ಬರೆದುಕೊಳ್ಳೋಣ. ಆಯಿಲು ಮೂರು ಲೀಟರಿಗೆ ೧,೫೦೦ ರೂಪಾಯಿ, ಆಯಿಲ್ ಫಿಲ್ಟರ್ ೧೫೦, ಏರ್ ಫಿಲ್ಟರ್ ೩೦೦, ಕೂಲಿ ೧,೫೦೦. ಒಟ್ಟು ೩,೪೫೦. ಶೇಕಡ ೧೮ರಂತೆ ಜಿ.ಎಸ್.ಟಿ. ೬೨೧. ಎಲ್ಲ ಸೇರಿ ೪,೦೭೧ ರೂಪಾಯಿ. ಇದು ತಿರುಳು. ಇದರ ಕೆಳಗೆ ಇಂಜಿನ್ ಫ್ಲಶ್ ೬೦೦, ಇಂಜೆಕ್ಟರ್ ಕ್ಲೀನಿಂಗ್ ೯೦೦, ಎ.ಸಿ. ಸುವಾಸನೆ ಚಿಕಿತ್ಸೆ ೮೦೦ ಅಂತ ಸೇರಿಸಿದರೆ ೨,೩೦೦ ಆಯ್ತು. ತೆರಿಗೆ ೪೧೪. ಅಲ್ಲಿಗೆ ೨,೭೧೪ ಹೆಚ್ಚಿ ಬಿಲ್ಲು ೬,೭೮೫ಕ್ಕೆ ನಿಂತಿತು. ಬಿಲ್ಲಿನ ಭಾರ ಎಲ್ಲಿ ಹೆಚ್ಚಾಯಿತು ನೋಡಿ. ಆಯಿಲ್ಲಿನಲ್ಲಿ ಅಲ್ಲ, ಬಾಲದಲ್ಲಿ.

ಈ ಬಾಲದ ಕೆಲಸಗಳು ಯಾವಾಗಲೂ ಅನಗತ್ಯ ಅಂತ ನಾನು ಹೇಳೋದಿಲ್ಲ. ಇಂಜಿನ್ ಎಡವುತ್ತಿದ್ದರೆ ಇಂಜೆಕ್ಟರ್ ನೋಡಲೇಬೇಕು. ಆದರೆ ಎರಡು ವರ್ಷದ, ಚೆನ್ನಾಗಿ ಓಡುತ್ತಿರುವ ಗಾಡಿಗೆ ಪ್ರತಿ ಸಲ ಯಾಕೆ? ನಮ್ಮೂರಿನ ವಯಸ್ಸಾದ ಸದಸ್ಯರೊಬ್ಬರ ಬಿಲ್ಲನ್ನು ನನಗೆ ತೋರಿಸಿದ್ದರು. ಅವರ ಗಾಡಿ ವರ್ಷವೆಲ್ಲ ಓಡಿದ್ದು ಮೂರು ಸಾವಿರ ಕಿ.ಮೀ. ಆದರೂ ಈ ಬಾಲದ ಸಾಲೆಲ್ಲ ಅದರಲ್ಲಿತ್ತು. "ಅವರು ಇಂಗ್ಲಿಷಿನಲ್ಲಿ ಏನೋ ಹೇಳಿದರು, ಬೇಡ ಅನ್ನೋಕೆ ಸಂಕೋಚ ಆಯ್ತು ಕಣಪ್ಪಾ" ಅಂದರು. ಸ್ವಾಮಿ, ದುಡ್ಡು ನಮ್ಮದು, ಸಂಕೋಚ ಯಾಕೆ?

ಶೋರೂಮಿಗೆ ಹೋದಾಗ ಐದು ಕೆಲಸ ಮಾಡಿ.

ಒಂದು, ಗಾಡಿಯ ಪುಸ್ತಕ ಜೊತೆಗೆ ತೆಗೆದುಕೊಂಡು ಹೋಗಿ. ಈ ಸಲದ ಸರ್ವಿಸ್ಸಿಗೆ ಕಂಪನಿ ಏನೇನು ಬರೆದಿದೆಯೋ ಅಷ್ಟು ಮಾಡಿ ಅನ್ನಿ. ಮಿಕ್ಕಿದ್ದು ಯಾಕೆ ಬೇಕು ಅಂತ ಕೇಳಿ.

ಎರಡು, ಜಾಬ್ ಕಾರ್ಡಿಗೆ ಸಹಿ ಹಾಕುವ ಮುಂಚೆ ಅಂದಾಜು ಖರ್ಚು ಬರೆಸಿಕೊಳ್ಳಿ. ಹೆಚ್ಚಿನ ಕೆಲಸ ಬಂದರೆ ಫೋನ್ ಮಾಡಿ ಕೇಳಿಯೇ ಮಾಡಬೇಕು ಅಂತ ಅದರಲ್ಲೇ ಬರೆಸಿ.

ಮೂರು, ನಿಮ್ಮ ಇಂಜಿನ್ನಿಗೆ ಎಷ್ಟು ಲೀಟರ್ ಆಯಿಲ್ ಹಿಡಿಯುತ್ತೆ ಅಂತ ಪುಸ್ತಕದಲ್ಲಿ ನೋಡಿಕೊಂಡಿರಿ. ಬಿಲ್ಲಿನಲ್ಲಿ ಅಷ್ಟೇ ಇರಬೇಕು. ಗಾಡಿ ಈಚೆ ತಂದ ಮೇಲೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ ಐದು ನಿಮಿಷ ಬಿಟ್ಟು, ಅಳತೆ ಕಡ್ಡಿ ಎಳೆದು ನೋಡಿ. ಮೇಲಿನ ಗುರುತು ಮೀರಬಾರದು, ಕೆಳಗಿನದಕ್ಕಿಂತ ಇಳಿಯಬಾರದು.

ನಾಲ್ಕು, ಬದಲಿಸಿದ ಹಳೆಯ ಸಾಮಾನು ತೋರಿಸಿ ಅನ್ನಿ. ಹೊಸದರ ಡಬ್ಬಿಯ ಮೇಲಿನ ಎಂ.ಆರ್.ಪಿ. ನೋಡಿ. ಎಂ.ಆರ್.ಪಿ. ಅಂದರೆ ಎಲ್ಲ ತೆರಿಗೆಯೂ ಸೇರಿದ ಬೆಲೆ. ಬಿಲ್ಲಿನಲ್ಲಿ ಅದರ ಮೇಲೆ ಮತ್ತೆ ತೆರಿಗೆ ಹಾಕುವಂತಿಲ್ಲ. ೨೦೨೫ರ ಸೆಪ್ಟೆಂಬರ್ ೨೨ರಿಂದ ವಾಹನದ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ಶೇಕಡ ೨೮ರಿಂದ ೧೮ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಇಳಿದಿದೆಯೋ ನೋಡಿಕೊಳ್ಳಿ.

ಐದು, ಬಿಲ್ಲನ್ನು ಹರಿಯಬೇಡಿ, ಎಸೆಯಬೇಡಿ. ಪಹಣಿ ಇಡುವ ಜಾಗದಲ್ಲೇ ಇಡಿ.

ಹಾಗಾದರೆ ಶೋರೂಮೇ ಬೇಡ, ನಮ್ಮ ಊರಿನ ಗ್ಯಾರೇಜೇ ಸಾಕು ಅಂತೀರಾ? ಅದಕ್ಕೂ ನನ್ನ ಉತ್ತರ ನೇರವಾಗಿಯೇ ಇದೆ. ವಾರಂಟಿ ಇರುವಷ್ಟು ದಿನ ಗಡುವು ತಪ್ಪದೆ ಅಧಿಕೃತ ಕಡೆಯೇ ಮಾಡಿಸಿ. ಗೇರ್‌ಬಾಕ್ಸೋ ಇಂಜಿನ್ನೋ ಕೈಕೊಟ್ಟಾಗ ಅವರು ಮೊದಲು ಕೇಳುವುದೇ ಸರ್ವಿಸ್ ದಾಖಲೆ. ನಾಲ್ಕು ಸಾವಿರ ಉಳಿಸಲು ಹೋಗಿ ದೊಡ್ಡ ಹಕ್ಕು ಕಳೆದುಕೊಳ್ಳಬಾರದು. ವಾರಂಟಿ ಮುಗಿದ ಮೇಲೆ, ಕೆಲಸ ಗೊತ್ತಿರುವ, ಬಿಲ್ಲು ಕೊಡುವ ಗ್ಯಾರೇಜಿನಲ್ಲಿ ಆಯಿಲು, ಫಿಲ್ಟರು, ಬ್ರೇಕಿನ ಕೆಲಸ ಧಾರಾಳವಾಗಿ ಮಾಡಿಸಬಹುದು. ಒಂದೇ ಎಚ್ಚರ: ಪುಸ್ತಕದಲ್ಲಿ ಹೇಳಿದ ದರ್ಜೆಯ ಆಯಿಲ್ಲೇ ಹಾಕಿಸಿ. ಹೊಸ ಬಿ.ಎಸ್. ೬ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತೆ. ಅದಕ್ಕೆ ಕಡಿಮೆ ಬೂದಿಯ ಆಯಿಲೇ ಆಗಬೇಕು. ಟ್ರ್ಯಾಕ್ಟರಿಗೆ ತಂದ ಡಬ್ಬದಲ್ಲಿ ಉಳಿದ ಆಯಿಲನ್ನು ಅದಕ್ಕೆ ಸುರಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತೆ. ಆಗ ಬರುವ ಖರ್ಚು ಹತ್ತು ಸರ್ವಿಸ್ಸಿನ ಖರ್ಚನ್ನೂ ಮೀರಬಹುದು.

ಬ್ರೇಕ್ ಆಯಿಲ್ ಮರೆಯುವವರು ಬಹಳ. ಅದು ಗಾಳಿಯ ತೇವ ಹೀರುತ್ತೆ. ತೇವ ಸೇರಿದರೆ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಒಳಗೆ ಆವಿ ಹುಟ್ಟಿ ಪೆಡಲ್ ಕೆಳಕ್ಕೆ ಹೋಗಿಬಿಡುತ್ತೆ. ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗುವವರು ಇದನ್ನ ನೆನಪಿಡಬೇಕು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸೋದು ಕ್ಷೇಮ. ಖರ್ಚು ಉಳಿಸೋಣ ಸರಿ, ಆದರೆ ಬ್ರೇಕು, ಟೈರಿನಲ್ಲಿ ಮಾತ್ರ ಉಳಿತಾಯ ಬೇಡ.

ಈಗ ನಮ್ಮ ಊರಿನ ಹುಡುಗರ ಮಾತು. ನಮ್ಮ ಮೆಕ್ಯಾನಿಕ್ ಹುಡುಗರು ಕೆಲಸ ಬಲ್ಲವರು. ಆದರೆ ಈಗಿನ ಗಾಡಿಯಲ್ಲಿ ಕಂಪ್ಯೂಟರ್ ಇದೆ. ಮೀಟರ್ ಬೋರ್ಡಿನಲ್ಲಿ ಹಳದಿ ದೀಪ ಹತ್ತಿಕೊಂಡರೆ ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿ ನೋಡಬೇಕು. ಸಾಮಾನ್ಯ ಸ್ಕ್ಯಾನರ್ ಕೆಲವು ದೋಷ ಓದುತ್ತೆ, ಕಂಪನಿಯದೇ ಸಾಫ್ಟ್‌ವೇರ್ ಇಲ್ಲದೆ ಕೆಲವು ಆಗೋದಿಲ್ಲ. ಬಿಡಿಭಾಗವೂ ಹಾಗೆ, ಕೆಲವು ಹೊರಗೆ ಸಿಗೋದಿಲ್ಲ. ಹೀಗಾಗಿ ಕೈಯಲ್ಲಿ ವಿದ್ಯೆ ಇದ್ದೂ ಹುಡುಗ, "ಅಣ್ಣಾ, ಟೌನಿಗೆ ತಗೊಂಡು ಹೋಗಿ" ಅನ್ನಬೇಕಾಗಿದೆ.

ಇದು ನಮ್ಮೂರಿನ ಗೋಳು ಮಾತ್ರ ಅಲ್ಲ. ೨೦೧೧ರಲ್ಲಿ ಒಬ್ಬ ಗ್ರಾಹಕರು ಇದೇ ವಿಷಯವಾಗಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು. ಆಯೋಗ ೨೦೧೪ರ ಆಗಸ್ಟ್ ೨೫ರಂದು ತೀರ್ಪು ಕೊಟ್ಟು, ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು ಸುಮಾರು ೨,೫೪೪ ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ, ಪರೀಕ್ಷಾ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದು ತಪ್ಪು ಅಂತ ಹೇಳಿತು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಅನ್ನೋ ಷರತ್ತು ಕೂಡದು, ಹೊರಗಿನ ಕೆಟ್ಟ ಕೆಲಸದಿಂದ ಎಷ್ಟು ಹಾನಿಯಾಯಿತೋ ಅಷ್ಟಕ್ಕೆ ಮಾತ್ರ ನಿರಾಕರಿಸಬಹುದು ಅಂತಲೂ ಹೇಳಿತು. ಕಂಪನಿಗಳು ಮೇಲ್ಮನವಿ ಹೋದವು. ಆ ಕಾನೂನು ಜಗಳ ದೊಡ್ಡವರದು. ಅದಕ್ಕೇ ನಾನು ಹೇಳಿದ್ದು, ವಾರಂಟಿ ಇರುವವರೆಗೆ ನಾವು ಹುಷಾರಾಗಿರೋಣ ಅಂತ. ಆದರೆ ಕೇಳುವ ಹಕ್ಕು ನಮಗಿದೆ ಅನ್ನೋದು ಆ ತೀರ್ಪಿನಿಂದ ಗೊತ್ತಾಯಿತು. ೨೦೨೨ರ ಡಿಸೆಂಬರ್ ೨೪ರ ರಾಷ್ಟ್ರೀಯ ಗ್ರಾಹಕರ ದಿನದಂದು ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ಒಂದನ್ನು ತೆರೆಯಿತು. ವಾಹನದ ಜೊತೆ ಕೃಷಿ ಯಂತ್ರಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಬಿಲ್ಲಿನಲ್ಲಿ ಅನ್ಯಾಯವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ೧೯೧೫ಕ್ಕೆ ಫೋನ್ ಮಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಇವೆಲ್ಲಕ್ಕೂ ಬೇಕಾದದ್ದು ಒಂದೇ, ನೀವು ಜೋಪಾನವಾಗಿಟ್ಟ ಬಿಲ್ಲು.

ಕೊನೆಯದಾಗಿ ಸಂಘದ ಮುಂದೆ ನನ್ನ ಮೂರು ವಿನಂತಿಗಳು.

ನಾನು ಕೆಲಸ ಮಾಡಿದ ಡಿಪೋದಲ್ಲಿ ಪ್ರತಿ ಬಸ್ಸಿಗೂ ಒಂದು ದಾಖಲೆ ಇರುತ್ತಿತ್ತು. ಯಾವ ಡ್ರೈವರ್ ಬರಲಿ, ಯಾವ ಮೆಕ್ಯಾನಿಕ್ ಬರಲಿ, ಬಸ್ಸಿನ ಜಾತಕ ಅದರಲ್ಲಿ ಸಿಗುತ್ತಿತ್ತು. ಹಾಗೆಯೇ ಸಂಘದಿಂದ ವಾಹನ ಸಾಲ ಕೊಡುವಾಗ ಪಾಸ್ ಪುಸ್ತಕದ ಜೊತೆ ಒಂದು ಸರ್ವಿಸ್ ಪುಸ್ತಕವನ್ನೂ ಕೊಡಿ. ಕಂತು ಕಟ್ಟಲು ಬಂದಾಗ ಕಾರ್ಯದರ್ಶಿಗಳು ಒಂದು ಸಲ ಅದರ ಮೇಲೆ ಕಣ್ಣಾಡಿಸಲಿ. ಜಾಮೀನುದಾರರಿಗೂ ಅದನ್ನು ನೋಡುವ ಹಕ್ಕು ಇರಲಿ.

ಎರಡನೆಯದು, ಗೊಬ್ಬರ, ಬಿತ್ತನೆ ಬೀಜ ಒಟ್ಟಾಗಿ ತರಿಸುವ ಹಾಗೆ ಟ್ರ್ಯಾಕ್ಟರ್ ಆಯಿಲು, ಫಿಲ್ಟರುಗಳನ್ನೂ ಅಧಿಕೃತ ವಿತರಕರಿಂದ ಒಟ್ಟಾಗಿ ತರಿಸಿ. ನಕಲಿ ಮಾಲಿನ ಭಯವೂ ತಪ್ಪುತ್ತೆ, ಬೆಲೆಯೂ ಇಳಿಯುತ್ತೆ. ಮುಂಗಾರಿಗೆ ಮುಂಚೆ ಒಂದು ದಿನ ಸಂಘದ ಅಂಗಳದಲ್ಲಿ ಟ್ರ್ಯಾಕ್ಟರ್ ತಪಾಸಣೆ ಇಟ್ಟುಕೊಳ್ಳೋಣ. ಕೈಲಾಗುವವರೆಗೆ ನಾನು ಬಿಟ್ಟಿಯಾಗಿ ಬಂದು ನಿಲ್ಲುತ್ತೇನೆ.

ಮೂರನೆಯದು, ನಮ್ಮ ಮೆಕ್ಯಾನಿಕ್ ಹುಡುಗರಿಗೆ ಒಂದು ಒಳ್ಳೆಯ ಸ್ಕ್ಯಾನರ್ ಕೊಳ್ಳಲು ಸಾಲ ಕೊಡಿ. ಅದಕ್ಕೆ ಪ್ರತಿಯಾಗಿ ಅವರು ಪ್ರತಿ ಕೆಲಸಕ್ಕೂ ಬಿಲ್ಲು ಕೊಡಬೇಕು ಅಂತ ಷರತ್ತು ಹಾಕಿ. ಊರಿನ ದುಡ್ಡು ಊರಲ್ಲೇ ಉಳಿಯುತ್ತೆ, ಹುಡುಗರೂ ಬೆಂಗಳೂರಿನ ಬಸ್ ಹತ್ತೋದು ತಪ್ಪುತ್ತೆ.

ಬಾಂಧವರೆ, ೧೯೦೫ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ, ರೈತನನ್ನು ಸಾಹುಕಾರನ ಬಡ್ಡಿಯಿಂದ ಬಿಡಿಸುವುದು ಆ ಕಾಲದ ಸಹಕಾರಿಗಳ ಮುಂದಿದ್ದ ದೊಡ್ಡ ಕೆಲಸ. ಅಂದು ಓದಲು ಬಾರದ ರೈತ ಸಾಹುಕಾರ ಬರೆದ ಲೆಕ್ಕಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದ. ಇಂದು ನಾವು ಓದು ಬರಹ ಕಲಿತಿದ್ದೇವೆ. ಆದರೂ ಅರ್ಥವಾಗದ ಬಿಲ್ಲಿಗೆ ಸಹಿ ಹಾಕಿ ಬಂದರೆ ಅದಕ್ಕೂ ಹೆಬ್ಬೆಟ್ಟಿಗೂ ವ್ಯತ್ಯಾಸವೇನು? ಸರ್ವಿಸ್ ತಪ್ಪಿಸಬೇಡಿ. ಅನಗತ್ಯ ಖರ್ಚು ಮಾಡಬೇಡಿ. ಎರಡರ ನಡುವಿನ ದಾರಿ ನಿಮ್ಮ ಗಾಡಿಯ ಪುಸ್ತಕದಲ್ಲೇ ಇದೆ. ಇವತ್ತು ಮನೆಗೆ ಹೋದ ತಕ್ಷಣ ಅದನ್ನು ಹುಡುಕಿ ತೆಗೆಯಿರಿ. ಇಂಗ್ಲಿಷಿನಲ್ಲಿದ್ದರೆ ಮಕ್ಕಳ ಕೈಲಿ ಓದಿಸಿ. ಅವರ ಕೈಲೂ ಆಗದಿದ್ದರೆ ನನ್ನ ಮನೆ ಜಗುಲಿಗೆ ಬನ್ನಿ, ಕೂತು ಒಟ್ಟಿಗೆ ಓದೋಣ.

ಸಂಘ ಇನ್ನೂ ನೂರು ಕಾಲ ಬಾಳಲಿ, ಸುವರ್ಣ ಮಹೋತ್ಸವವನ್ನೂ ನಮ್ಮ ಮಕ್ಕಳು ಇದೇ ಅಂಗಳದಲ್ಲಿ ಆಚರಿಸಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.

ಜೈ ಹಿಂದ್. ಜೈ ಕರ್ನಾಟಕ. ಜೈ ಸಹಕಾರ.